ಡಿಸ್ಕ್ ಹೊರಬಿತ್ತು ಅಂದ್ರೆ ಸತ್ತೋಯ್ತು ಅಂತಲ್ಲ! (ಕಂತು 7)

"ಡಿಸ್ಕ್ ಹೋಯ್ತು ಸಾರ್, ಹೊಸದು ಹಾಕ್ಸಿ."

ನಾಸ್ ಪೆಟ್ಟಿಗೆ ಬೀಪ್ ಅಂದ ಕೂಡಲೇ ಎಷ್ಟೋ ಅಂಗಡಿಗಳಲ್ಲಿ ಸಿಗೋ ಉತ್ತರ ಇದು. ಲಾಗ್ ನೋಡಿರಲ್ಲ, ಕೇಬಲ್ ಮುಟ್ಟಿರಲ್ಲ. ದಯವಿಟ್ಟು ಒಪ್ಪಬೇಡಿ. ರೇಡ್‌ನಿಂದ ಡಿಸ್ಕ್ ಹೊರಬೀಳೋದೇ ಬೇರೆ, ಡಿಸ್ಕ್ ಸಾಯೋದೇ ಬೇರೆ.

1️⃣ ತಾಳ್ಮೆಯ ಜಗಳ
ಡೆಸ್ಕ್‌ಟಾಪ್ ಡಿಸ್ಕ್‌ಗೆ ಒಂದು ಸೆಕ್ಟರ್ ಓದಲು ಆಗದಿದ್ದರೆ ಅದು ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತೆ, ಕೆಲವೊಮ್ಮೆ ಒಂದು ನಿಮಿಷಕ್ಕೂ ಮೇಲೆ. ಆದರೆ ಲಿನಕ್ಸ್ ಸಾಮಾನ್ಯವಾಗಿ ಕಾಯೋದು 30 ಸೆಕೆಂಡ್. ಉತ್ತರ ಬರಲಿಲ್ಲ ಅಂದ್ರೆ ಡಿಸ್ಕ್ ಹೊರಗೆ! ನಾಸ್‌ಗೆಂದೇ ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೇ "ಆಗ್ಲಿಲ್ಲ" ಅಂತ ಒಪ್ಪಿಕೊಳ್ಳುತ್ತವೆ, ಉಳಿದ ಡಿಸ್ಕ್‌ಗಳಿಂದ ರೇಡ್ ಆ ಡೇಟಾ ಕಟ್ಟಿಕೊಳ್ಳುತ್ತೆ. ಈ ಮಿತಿಯ ಹೆಸರು ಇಆರ್‌ಸಿ. ನಿಮ್ಮ ಡಿಸ್ಕ್‌ನಲ್ಲಿ ಇದೆಯಾ ಅಂತ ಸ್ಮಾರ್ಟ್‌ಸಿಟಿಎಲ್ ತೋರಿಸುತ್ತೆ. ಇಲ್ಲದಿದ್ದರೆ ಲಿನಕ್ಸ್ ಕಾಯೋ ಸಮಯವನ್ನು 180 ಸೆಕೆಂಡಿಗೆ ಏರಿಸಿ.

2️⃣ ಅಂಕಿಗಳು ಸುಳಿವು ಕೊಡುತ್ತವೆ
ಸ್ಮಾರ್ಟ್ ಪಟ್ಟಿಯಲ್ಲಿ 199 ಏರುತ್ತಿದ್ದರೆ ಡೇಟಾ ದಾರಿಯಲ್ಲೇ ಕೆಡುತ್ತಿದೆ. ಮೊದಲ ಅನುಮಾನ ಕೇಬಲ್, ಕನೆಕ್ಟರ್ ಮೇಲೆ. ಎರಡು ಮೂರು ಡಿಸ್ಕ್ ಒಟ್ಟಿಗೇ ಬಿದ್ದರೆ ಪವರ್ ಸಪ್ಲೈ, ಕಂಟ್ರೋಲರ್ ನೋಡಿ. 5, 197, 198 ಏರುತ್ತಿದ್ದರೆ ಮಾತ್ರ ಅಂಗಡಿಯವರ ಮಾತಿಗೆ ಬಲ ಇದೆ. ಆಗ ಬದಲಿಸಿ.

3️⃣ ಕಂಪನಿಗಳ ಮೌನ
2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಒಂದು ವಿಷಯ ಒಪ್ಪಿಕೊಳ್ತು: ನಾಸ್‌ಗೆಂದೇ ಮಾರುತ್ತಿದ್ದ ರೆಡ್ ಡಿಸ್ಕ್‌ಗಳಲ್ಲಿ, 2ರಿಂದ 6 ಟಿಬಿವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್. ಅಂದ್ರೆ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ರೀಬಿಲ್ಡ್‌ನಂಥ ಬಿಡುವಿಲ್ಲದ ಕೆಲಸದಲ್ಲಿ ಇವು ಏದುಸಿರು ಬಿಡುತ್ತವೆ. ಹೊಚ್ಚಹೊಸ ಡಿಸ್ಕ್ ರೀಬಿಲ್ಡ್ ಮಧ್ಯೆಯೇ ಹೊರಬೀಳ್ತಿದೆ ಅಂತ ಬಳಕೆದಾರರು ಗಲಾಟೆ ಮಾಡಿದ ಮೇಲೆ ಸತ್ಯ ಹೊರಬಂತು. ಆಮೇಲೆ ಎಸ್‌ಎಂಆರ್ ಅಲ್ಲದವಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಬಂತು. ಡಬ್ಬಿಯ ಮೇಲೆ ಒಂದು ಸಾಲು ಬರೆಯೋಕೆ ಏನು ಕಷ್ಟ ಇತ್ತು?

4️⃣ "ಬದಲಿಸಿಬಿಟ್ರೆ ಸೇಫ್ ಅಲ್ವಾ?"
ಅಲ್ಲ! ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಮತ್ತೊಂದು ಹೋಗೋ ಹಾಗಿಲ್ಲ. ರೀಬಿಲ್ಡ್ ಆಗುವಾಗ ಉಳಿದ ಡಿಸ್ಕ್‌ಗಳಿಗೆ ಗಂಟೆಗಟ್ಟಲೆ ಬಿಡುವಿಲ್ಲದ ದುಡಿಮೆ. ತಪ್ಪು ಪವರ್ ಸಪ್ಲೈಯದ್ದಾಗಿದ್ದರೆ ಎರಡನೇ ಡಿಸ್ಕ್ ಬೀಳೋದು ಆಗಲೇ. ನಿಮ್ಮ ಸ್ಟುಡಿಯೋದ ಮದುವೆ ಫೋಟೋಗಳೆಲ್ಲ ಅದರಲ್ಲೇ ಇದ್ದರೆ? ಆ ಮದುವೆ ಇನ್ನೊಮ್ಮೆ ನಡೆಯಲ್ಲ.

ಆದ್ದರಿಂದ ಕ್ರಮ ಇದು: ಮೊದಲು ಬೇರೆ ಕಡೆ ಕಾಪಿ. ಆಮೇಲೆ ಲಾಗ್. ಆಮೇಲೆ ಕೇಬಲ್, ಪವರ್. ಕೊನೆಗೆ ಡಿಸ್ಕ್. ಮತ್ತೆ ನೆನಪಿಡಿ, ರೇಡ್ ಬ್ಯಾಕಪ್ ಅಲ್ಲ.

ಮುಂದಿನ ಸಲ ಯಾರಾದರೂ "ಡಿಸ್ಕ್ ಹೋಯ್ತು" ಅಂದ್ರೆ ಒಂದೇ ಪ್ರಶ್ನೆ ಕೇಳಿ: "199 ಎಷ್ಟಿದೆ, 197 ಎಷ್ಟಿದೆ, ತೋರ್ಸಿ." ತೋರಿಸದವರಿಗೆ ದುಡ್ಡು ಕೊಡಬೇಡಿ.

ಸೇವ್ ಮಾಡ್ಕೊಳ್ಳಿ 📌 ನಾಸ್ ಇಟ್ಕೊಂಡಿರೋ ಗೆಳೆಯರಿಗೆ ಕಳಿಸಿ. ನಿಮ್ಮ ಡಿಸ್ಕ್ ಹೊರಬಿದ್ದಾಗ ಕಾರಣ ಏನಿತ್ತು? ಕೆಳಗೆ ಬರೀರಿ 👇

#ನಾಸ್ #ರೇಡ್ #ಹಾರ್ಡ್‌ಡಿಸ್ಕ್ #ಕನ್ನಡದಲ್ಲಿ_ತಂತ್ರಜ್ಞಾನ