ಹಳಿಯ ಮೇಲೆ ಹೂವು, ಕೆಳಗಿದ್ದವರ ಗತಿ?

ನ್ಯೂಯಾರ್ಕಿನ ಹೈಲೈನ್ ಪಾರ್ಕಿನ ಫೋಟೋ ನೋಡಿ ಬಾಯಿ ಬಿಟ್ಟವರಲ್ಲಿ ನೀವೂ ಒಬ್ಬರೇ? ತಪ್ಪಿಲ್ಲ ಬಿಡಿ, ನಾನೂ ಬಿಟ್ಟವನೇ. ರಸ್ತೆಯಿಂದ 30 ಅಡಿ ಮೇಲೆ, ಉಕ್ಕಿನ ಕಂಬಗಳ ಮೇಲೆ, 2.3 ಕಿಲೋಮೀಟರ್ ಉದ್ದದ ತೋಟ! ಹಳೆಯ ರೈಲು ಹಳಿ, ಅದರ ನಡುವೆ ಹುಲ್ಲು, ಹೂವು. ಆದರೆ ಫೋಟೋದಲ್ಲಿ ಬೀಳದ ಒಂದು ಲೆಕ್ಕವಿದೆ. ಅದನ್ನೂ ಕೇಳಿ.

ಹಿಂದೆ ಅಲ್ಲಿ ಗೂಡ್ಸ್ ರೈಲು ನಡುಬೀದಿಯಲ್ಲೇ ಓಡುತ್ತಿತ್ತು. ಎಷ್ಟು ಜನ ಸತ್ತರೆಂದರೆ ಆ ಹತ್ತನೇ ಅವೆನ್ಯೂಗೆ ‘ಸಾವಿನ ಬೀದಿ’ ಎಂದೇ ಹೆಸರು ಬಿತ್ತು. ಕುದುರೆ ಸವಾರರು ಕೆಂಪು ಬಾವುಟ ಹಿಡಿದು ರೈಲಿನ ಮುಂದೆ ಹೋಗಬೇಕಿತ್ತು! ಕಡೆಗೆ 1934ರಲ್ಲಿ ರೈಲನ್ನು ಕಂಬಗಳ ಮೇಲಕ್ಕೆತ್ತಿದರು. ಲಾರಿಗಳ ಕಾಲ ಬಂತು, ರೈಲಿಗೆ ಕೆಲಸ ಕಡಿಮೆಯಾಯಿತು, 1980ರಲ್ಲಿ ನಿಂತೇ ಹೋಯಿತು. ಹಳಿಯ ಕೆಳಗಿನ ಜಾಗದ ಮಾಲೀಕರು ‘ಕೆಡವಿ’ ಎಂದು ಪಟ್ಟು ಹಿಡಿದರು. 1999ರಲ್ಲಿ ಜೋಶುವಾ ಡೇವಿಡ್, ರಾಬರ್ಟ್ ಹ್ಯಾಮಂಡ್ ಎಂಬಿಬ್ಬರು ‘ಉಳಿಸಿ’ ಎಂದು ಸಂಘ ಕಟ್ಟಿದರು. ಗೆದ್ದರು. 2009ರಲ್ಲಿ ಪಾರ್ಕಿನ ಮೊದಲ ಭಾಗ ತೆರೆಯಿತು. ಶಭಾಷ್!

ಗೆದ್ದದ್ದು ಹೇಗೆ ಗೊತ್ತೇ? 2005ರಲ್ಲಿ ನಗರಾಡಳಿತ ಕಟ್ಟಡ ನಿಯಮವನ್ನೇ ಬದಲಿಸಿತು. ಹಳಿಯ ಕೆಳಗಿನ ಜಾಗದವರು ತಾವು ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಆಸುಪಾಸಿನ ನಿವೇಶನದವರಿಗೆ ಮಾರಬಹುದು ಎಂದಿತು. ಅಂದರೆ ಬರೀ ಗಾಳಿ ಮಾರಿ ಕಾಸು! ‘ಕೆಡವಿ’ ಎಂದವರು ತೆಪ್ಪಗಾದರು. ಪಾರ್ಕಿನ ಇಕ್ಕೆಲದಲ್ಲಿ ಸಿರಿವಂತರ ಗಾಜಿನ ಮಹಲುಗಳೆದ್ದವು.

ಪಾರ್ಕಿನ ಮಗ್ಗುಲಲ್ಲೇ, ಚೆಲ್ಸಿಯಾ ಬಡಾವಣೆಯಲ್ಲಿ, ಮೊದಲಿನಿಂದಲೂ ಸರಕಾರಿ ಬಾಡಿಗೆ ಮನೆಗಳಿದ್ದವು. ಕಡಿಮೆ ವರಮಾನದವರು. ಕಪ್ಪು ಜನ, ಸ್ಪ್ಯಾನಿಷ್ ಆಡುವ ಜನ ಬಹಳ. ಜಾಗ ಇದ್ದವನ ಮನಸ್ಸು ಏನೆಂದು ಕೇಳಿ, ಅವನ ಜೇಬು ನೋಡಿಕೊಂಡರು. ಇವರನ್ನು? 2017ರಲ್ಲಿ ಹ್ಯಾಮಂಡ್ ತಾನೇ ಒಪ್ಪಿಕೊಂಡ: ಈ ಜನರ ಪಾಲಿಗೆ ನಾವು ಸೋತೆವು, ಪಾರ್ಕಿನ ನಕ್ಷೆ ಹೇಗಿರಬೇಕೆಂದು ಕೇಳಿದೆವೇ ಹೊರತು ನಿಮಗೇನು ಬೇಕು ಎಂದು ಕೇಳಲಿಲ್ಲ ಎಂದು. ಒಪ್ಪಿಕೊಂಡದ್ದು ದೊಡ್ಡ ಮನಸ್ಸು, ಇಲ್ಲವೆನ್ನುವುದಿಲ್ಲ. ಆದರೆ ಪಾರ್ಕ್ ತೆರೆದ ಎಂಟು ವರ್ಷಕ್ಕೆ!

ನಾನು ಪ್ರೆಸ್ ಇಟ್ಟವನು. ಪ್ರೂಫ್ ನೋಡುವುದು ಅಚ್ಚಿಗೆ ಮೊದಲು. ಲಗ್ನಪತ್ರಿಕೆ ಸಾವಿರ ಪ್ರತಿ ಹೊರಬಿದ್ದ ಮೇಲೆ ‘ಅಯ್ಯೋ, ಸೋದರಮಾವನ ಹೆಸರೇ ಬಿಟ್ಟುಹೋಯಿತು’ ಎನ್ನುವ ಗಿರಾಕಿಗೆ ಏನು ಹೇಳಲಿ?

ನಾಳೆ ಯಾರಾದರೂ ಆ ಫೋಟೋ ಹಿಡಿದು ‘ನಮಗೂ ಇಂಥದ್ದೇ ಬೇಕು’ ಎಂದರೆ ಕೈಕಟ್ಟಿ ನಿಲ್ಲಬೇಡಿ. ಕೇಳಿ: ಕೆಳಗಿನ ಬೀದಿಯ ಬಾಡಿಗೆದಾರನನ್ನು ಮಾತಾಡಿಸಿ ಬಂದೆಯಾ? ಅವನ ಅಂಗಡಿ ಎಲ್ಲಿ ಹೋಗುತ್ತದೆ?