ಹೆಬ್ಬೆಟ್ಟು ಕೇಳುವವರಿಗೆ

ನಮ್ಮ ಹೆಣ್ಣುಮಕ್ಕಳ ಕೈಗೆ ಮೊಬೈಲು ಬಂದರೆ ಸಾಕು, ಉದ್ಧಾರವಾಗಿಬಿಡುತ್ತಾರೆ ಅಂತ ಹೊಸದೊಂದು ಪುರಾಣ ಹುಟ್ಟಿಕೊಂಡಿದೆ. ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟು, ಕೊನೆಗೊಂದು ಗ್ರೂಪ್ ಫೋಟೋ. ಇದಕ್ಕೆ ಡಿಜಿಟಲ್ ಸಬಲೀಕರಣ ಎಂದು ಹೆಸರು. ನಾವು ಕೇಳೋದು ಒಂದೇ ಪ್ರಶ್ನೆ: ಸ್ವಾಮಿ, ನೀವು ಕಲಿಸಿದ್ದೇನು? ಗುಂಡಿ ಒತ್ತುವುದನ್ನೋ, ಲೆಕ್ಕ ಕೇಳುವುದನ್ನೋ?

ಹೆಬ್ಬೆಟ್ಟಿನ ಇತಿಹಾಸ ನಮಗೆ ಚೆನ್ನಾಗಿ ಗೊತ್ತು. ಏಕಲವ್ಯ ಕಲಿತದ್ದಕ್ಕೆ ಹೆಬ್ಬೆಟ್ಟು ಕೊಟ್ಟ. ನಮ್ಮ ಅಜ್ಜಿಯರು ಕಲಿಯಲಾಗದೆ ಹೋದದ್ದಕ್ಕೆ ಕೊಟ್ಟರು. ಸಾಹುಕಾರ ಮುಂದಿಟ್ಟ ಪತ್ರದಲ್ಲಿ ಏನಿದೆಯೆಂದು ತಿಳಿಯದೆ ಮಸಿ ಒತ್ತಿದರು, ಅಂಗೈಯಗಲದ ಜಮೀನೂ ಹೋಯಿತು. ಆಮೇಲೆ 'ಹೆಬ್ಬೆಟ್ಟು' ಎಂಬುದೇ ಅವರಿಗೆ ಬೈಗುಳವಾಯಿತು.

ಈಗ ಅದೇ ಹೆಬ್ಬೆಟ್ಟನ್ನು ಯಂತ್ರ ಕೇಳುತ್ತಿದೆ. ಕಳೆ ಕಿತ್ತು, ಕಲ್ಲು ಹೊತ್ತು, ಮುಸುರೆ ತಿಕ್ಕಿ ಗೆರೆ ಸವೆದ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಗುರುತಿಸೋದಿಲ್ಲ. 'ಮ್ಯಾಚ್ ಆಗ್ತಿಲ್ಲ, ನಾಳೆ ಬಾರಮ್ಮ' ಅಂತಾರೆ. ನಾಳೆ ಬಂದರೆ ಸರ್ವರ್ ಇಲ್ಲ. ದುಡಿದದ್ದೇ ಅಪರಾಧವಾಗಿ, ಅನ್ನಕ್ಕೆ ಕಲ್ಲು ಬೀಳುತ್ತದೆ.

2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಕೂಲಿಗಳ ಹಾಜರಿಯನ್ನು ಫೋನಿನಲ್ಲೇ, ದಿನಕ್ಕೆ ಎರಡು ಸಲ ಫೋಟೋ ತೆಗೆದು ಹಾಕಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ನೆಟ್‌ವರ್ಕ್ ಸಿಗದ ಗುಡ್ಡದಲ್ಲಿ ಮಣ್ಣು ಹೊತ್ತವಳ ಫೋಟೋ ಏರಲಿಲ್ಲ. ಫೋಟೋ ಏರದಿದ್ದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಕೂಲಿ ಇಲ್ಲ. ಹಿಂದೆ ಶಾನುಭೋಗ 'ದಫ್ತರ ನೋಡಬೇಕು' ಅಂತ ಅಲೆಸುತ್ತಿದ್ದ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯಿದೆ ರದ್ದು ಮಾಡಿತು. ದಫ್ತರದ ದರ್ಪ ರದ್ದಾಗಲಿಲ್ಲ. ಅದೀಗ ಪಾಸ್‌ವರ್ಡಿನ ಹಿಂದೆ ಕೂತಿದೆ.

ಹಾಗಂತ ಯಂತ್ರ ಬೇಡ ಅನ್ನುವವರು ನಾವಲ್ಲ. ನಮಗೆ ವಿದ್ಯೆ ಬೇಡ ಎಂದವನು ಮನು. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ನಡೆದದ್ದು ಸಗಣಿಯ ಏಟು ತಿನ್ನುತ್ತ. ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ ಜಾತಿಯ ಹುಡುಗಿ ಮುಕ್ತಾಬಾಯಿ, ಮಾಂಗ-ಮಹಾರರ ಸಂಕಟವನ್ನು ಕುರಿತು ಬರೆದ ಲೇಖನ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಬಂತು. ವೇದ ಬ್ರಾಹ್ಮಣರ ಸ್ವತ್ತಾದರೆ ನಮ್ಮ ಧರ್ಮ ಯಾವುದು ಅಂತ ಕೇಳಿದಳು. ಅಕ್ಷರ ಕೈಗೆ ಬಂದೊಡನೆ ಆ ಹುಡುಗಿ ಮಾಡಿದ್ದು ಪ್ರಶ್ನೆ. ನಾವು ವಿದ್ಯೆ ಅನ್ನುವುದು ಇದಕ್ಕೆ.

ಇವತ್ತು ಆ ಪ್ರಶ್ನೆ ಎಲ್ಲಿಂದ ಶುರುವಾಗಬೇಕು? ಪಹಣಿಯಿಂದ. ದಲಿತರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯಿದೆ ಹೇಳುತ್ತದೆ. ಅದನ್ನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಪಹಣಿ ಈಗ ಫೋನಿನಲ್ಲೇ ಕಾಣುತ್ತದೆ. 9ನೇ ಕಲಂನಲ್ಲಿ ಯಾರ ಹೆಸರು ಕೂತಿದೆ, 11ರಲ್ಲಿ ಯಾವ ಸಾಲ ಬಿದ್ದಿದೆ, 12ರಲ್ಲಿ ಉಳುವವರು ಯಾರೆಂದು ಬರೆದಿದೆ, ಇದನ್ನು ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಓದಿ ಹೇಳಿದರೆ ಊರಿನ ಗೌಡನ ಪಂಚೆ ನಡುಗುತ್ತದೆ. ತರಬೇತಿಯ ಪುಸ್ತಕದಲ್ಲಿ ಈ ಪಾಠ ಯಾಕಿಲ್ಲ ಅಂತ ಬೇರೆ ಹೇಳಬೇಕೆ?

ಆಗದ ಮಾತು ಅನ್ನುವವರು ಉತ್ತರ ಪ್ರದೇಶದ ಚಿತ್ರಕೂಟದ ಕಡೆ ನೋಡಲಿ. ಅಲ್ಲಿ 2002ರಲ್ಲಿ 'ಖಬರ್ ಲಹರಿಯಾ' ಎಂಬ ಪತ್ರಿಕೆ ಹುಟ್ಟಿತು. ನಡೆಸಿದವರು ದಲಿತ, ಹಿಂದುಳಿದ ಜಾತಿಗಳ ಹಳ್ಳಿ ಹೆಂಗಸರು. ಕೆಲವರು ಆಗಷ್ಟೇ ಅಕ್ಷರ ಕಲಿತವರು. ತಮ್ಮ ಬುಂದೇಲಿ ಮಾತಿನಲ್ಲೇ ಬರೆದರು. ಆಮೇಲೆ ಅಚ್ಚು ಬಿಟ್ಟು ಫೋನು ಹಿಡಿದರು. ಗಣಿಯ ಮಾಫಿಯಾ, ಅತ್ಯಾಚಾರ, ಠಾಣೆಯ ಮೌನ, ಎಲ್ಲದರ ಮುಂದೆಯೂ ಆ ಫೋನು ಎತ್ತಿ ನಿಂತರು. ಫಲಾನುಭವಿಯಾಗಿ ಫೋಟೋ ತೆಗೆಸಿಕೊಳ್ಳುವುದಕ್ಕೂ ವರದಿಗಾರ್ತಿಯಾಗಿ ಫೋಟೋ ತೆಗೆಯುವುದಕ್ಕೂ ಭೂಮಿ ಆಕಾಶದ ಅಂತರವಿದೆ.

ನಮ್ಮೊಳಗಿನ ಗಂಡಸರಿಗೂ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ಸಲವಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಈ ಅಂತರಕ್ಕೆ ಗೌಡನೊಬ್ಬನನ್ನೇ ಬೈದರೆ ಆಗೋದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬೀಳೋದು ತಾಯಿಯ ಖಾತೆಗೆ, ಓಟಿಪಿ ಬರೋದು ಮಗನ ಫೋನಿಗೆ. 2020ರಲ್ಲಿ ಶಾಲೆ ಮುಚ್ಚಿದಾಗ ಮನೆಗೊಂದೇ ಫೋನು. ಅದು ಅಣ್ಣನ ಕೈಯಲ್ಲಿ, ತಂಗಿ ಕೂಲಿಗೆ. ಬೀದಿಯಲ್ಲಿ ಅಂಬೇಡ್ಕರ್, ಮನೆಯೊಳಗೆ ಮನು: ಈ ನಾಟಕ ಸಾಕು.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಯಾವ ಸರ್ಕಾರದ ಯೋಜನೆಗೂ ಕಾಯಬೇಡಿ. ಸಂಜೆ ಕೂಲಿ ಮುಗಿಸಿ ಬಂದ ಹೊತ್ತಿಗೆ ಕೇರಿಯ ಜಗಲಿ ಮೇಲೆ ಕೂರಿ. ಫೋನು ಅವಳ ಕೈಯಲ್ಲೇ ಇರಲಿ, ನಿಮ್ಮ ಕೈಯಲ್ಲಲ್ಲ. ಮೊದಲು ಪಹಣಿ ಓದಲಿ. ಆಮೇಲೆ ಕೂಲಿಯ ಲೆಕ್ಕ, ರೇಷನ್ನಿನ ಲೆಕ್ಕ, ಪಂಚಾಯ್ತಿಯ ಖರ್ಚು. ತಪ್ಪು ಕಂಡಲ್ಲಿ ಮಾಹಿತಿ ಹಕ್ಕಿನ ಅರ್ಜಿ ಬರೆಯಲಿ, ತಾರೀಖು ಹಾಕಿಸಿ ರಸೀದಿ ಪಡೆಯಲಿ, ಹತ್ತು ಜನ ಜೊತೆಗೂಡಿ ಕಚೇರಿಗೆ ಹೋಗಲಿ. ಒಬ್ಬಳೇ ಹೋದರೆ 'ನಾಳೆ ಬಾ' ಅಂತಾರೆ. ಹತ್ತು ಜನ ಹೋಗಿ ಕೂತರೆ ಸರ್ವರ್ ಇವತ್ತೇ ಬರುತ್ತದೆ.