ಸಜ್ಜನನ ಕೈಯಲ್ಲಿನ ಕತ್ತರಿ

ಸೆನ್ಸಾರಿನ ಕತ್ತರಿ ಇರಲಿ, ಆದರೆ ಸಜ್ಜನರ ಕೈಯಲ್ಲಿರಲಿ ಎನ್ನುವವರು ವಿದ್ಯಾವಂತರಲ್ಲಿಯೂ ಬಹಳ ಮಂದಿ ಇದ್ದಾರೆ. ಮಾತು ಕೇಳಲು ಹಿತವಾಗಿದೆ. ನಾನು ಮಾತ್ರ ಒಪ್ಪಲಾರೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಈ ಪ್ರಯೋಗ ನಡೆದುಹೋಗಿದೆ.

ಅಲ್ಲಿ ಪುಸ್ತಕ ಅಚ್ಚಾಗಬೇಕಾದರೆ ಸರ್ಕಾರದ ಪರವಾನಗಿ ಬೇಕಾಗಿತ್ತು. 1750ರಿಂದ 1763ರವರೆಗೆ ಆ ಇಲಾಖೆಯ ಮುಖ್ಯಸ್ಥನಾಗಿದ್ದವನು ಮಾಲ್‌ಜೆರ್ಬ್. ಅವನಿಗಿಂತ ಉದಾರಿಯಾದ ಸೆನ್ಸಾರು ಅಧಿಕಾರಿ ಚರಿತ್ರೆಯಲ್ಲಿ ಸಿಕ್ಕುವುದು ಕಷ್ಟ. ದಿದೆರೋ ಸಂಪಾದಿಸುತ್ತಿದ್ದ ವಿಶ್ವಕೋಶದ ಹಸ್ತಪ್ರತಿಗಳನ್ನು ಜಪ್ತಿಮಾಡಿಸಬೇಕಾಗಿ ಬಂದಾಗ, ಹಿಂದಿನ ದಿನವೇ ಸುದ್ದಿ ಕೊಟ್ಟು, ಅವನ್ನು ತನ್ನ ಮನೆಯಲ್ಲೇ ಇರಿಸಿಕೊಂಡನೆಂದು ದಿದೆರೋನ ಮಗಳು ಬರೆದಿದ್ದಾಳೆ. ಹುಡುಕಿಸುವವನ ಮನೆಯನ್ನು ಹುಡುಕುವವರು ಯಾರು?

ಇಷ್ಟಾದರೂ 1759ರಲ್ಲಿ ವಿಶ್ವಕೋಶದ ಪರವಾನಗಿ ರದ್ದಾಯಿತು. ಸಜ್ಜನ ಕಣ್ಣು ಮುಚ್ಚಿಕೊಳ್ಳಬಲ್ಲವನಾಗಿದ್ದ. ಅರಸನ ಆಜ್ಞೆಯನ್ನು ತಡೆಯಬಲ್ಲವನಾಗಿರಲಿಲ್ಲ. ಉಳಿದ ಹತ್ತು ಸಂಪುಟಗಳ ಕೆಲಸ ಗುಟ್ಟಾಗಿ ಸಾಗಿತು.

ಗುಟ್ಟಿನ ಕೆಲಸಕ್ಕೆ ಭಯವೇ ಯಜಮಾನ. ದಿದೆರೋ ತಿದ್ದಿ ಒಪ್ಪಿಗೆ ಕೊಟ್ಟ ಕರಡಚ್ಚುಗಳಿಂದ, ಅಪಾಯವೆಂದು ತೋರಿದ ಭಾಗಗಳನ್ನು ಮುದ್ರಕ ಲ ಬ್ರತೊಂ ಅವನಿಗೆ ತಿಳಿಯದಂತೆ ಕಿತ್ತುಹಾಕುತ್ತ ಬಂದ. 1764ರಲ್ಲಿ ದಿದೆರೋಗೆ ಇದು ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು. ಅಧಿಕಾರಿ ಉಳಿಸಿಕೊಟ್ಟದ್ದನ್ನು ಮುದ್ರಕನೇ ಕೊಯ್ದಿದ್ದ! ಇಷ್ಟು ಅಂಜಿ ನಡೆದ ಆತನಿಗಾದರೂ ಕ್ಷೇಮವಾಯಿತೆ? ಸಂಪುಟಗಳನ್ನು ವರ್ಸೈಗೆ ಕಳಿಸಿದ ತಪ್ಪಿಗೆ 1766ರಲ್ಲಿ ಬಾಸ್ತೀಲ್ ಸೆರೆಮನೆಯನ್ನು ಕಂಡುಬಂದ.

ಲ ಬ್ರತೊಂನನ್ನು ಹೇಡಿಯೆಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಅವನ ಕೈಗೆ ಕತ್ತರಿ ಕೊಟ್ಟವರಾರೆಂದು ವಾಚಕರು ಯೋಚಿಸಬೇಕು. ಮಾತಿಗೆ ಪರವಾನಗಿ ಬೇಕೆಂದ ಮೇಲೆ, ಇಂದಿನ ಅಧಿಕಾರಿ ಎಷ್ಟೇ ದಯಾಳುವಾಗಿರಲಿ, ನಾಳೆ ಬರುವವನು ಎಂಥವನೋ ಎಂಬ ಅಂಜಿಕೆ ಮೊಳೆ ಜೋಡಿಸುವವನ ಪಕ್ಕದಲ್ಲಿ ಬಂದು ಕೂಡುತ್ತದೆ. ಅದಕ್ಕೆ ಸಂಬಳ ಕೊಡಬೇಕಾಗಿಲ್ಲ, ರಜೆಯೂ ಇಲ್ಲ.

ಲ ಬ್ರತೊಂ ಸೆರೆಮನೆ ಕಂಡ ಆ 1766ರಲ್ಲೇ ಸ್ವೀಡನ್ ದೇಶ, ಮತಗ್ರಂಥಗಳನ್ನು ಬಿಟ್ಟು ಮಿಕ್ಕವಕ್ಕೆ, ಅಚ್ಚಿಗೆ ಮುಂಚಿನ ತನಿಖೆಯನ್ನು ಕಾಯಿದೆಯ ಮೂಲಕ ತೆಗೆದುಹಾಕಿತು. ಅಲ್ಲಿಯ ಬರಹಗಾರ ಅಧಿಕಾರಿಯ ಮುಖ ನೋಡಬೇಕಾಗಿರಲಿಲ್ಲ, ಕಾಯಿದೆ ನೋಡಿಕೊಂಡರೆ ಸಾಕಿತ್ತು. ಮಾಲ್‌ಜೆರ್ಬನೂ 1788ರಲ್ಲಿ ಮುದ್ರಣ ಸ್ವಾತಂತ್ರ್ಯದ ಪರವಾಗಿಯೇ ಬರೆದ. ಕತ್ತರಿ ಹಿಡಿದಿದ್ದ ಸಜ್ಜನನಿಗೇ ಅದು ಸಾಲದೆಂದು ತೋರಿದಾಗ, ನಮ್ಮ ಸಜ್ಜನಪಕ್ಷಪಾತಿಗಳು ಇನ್ನಾರ ಸಾಕ್ಷ್ಯಕ್ಕೆ ಕಾಯುತ್ತಿದ್ದಾರೆ?